ಪ್ರಶಸ್ತಿ ಬಂದ ಸುಳ್ಳು

ಏಣಿ ಹತ್ತುವಾಗ ದಾಕ್ಷಾಯಿಣಿ ಗಂಡಾಳು. ಕೂಲಿ ಕೊಡುವಾಗ ಹೆಣ್ಣಾಳು. ಮೇಗುಂದದ ಆಚೆ ಸೋಮನಾಥ್ ಸಾವ್ಕಾರರ ತೋಟದಲ್ಲಿ ಎಂಟು ವರ್ಷದಿಂದ ಇದೇ ನ್ಯಾಯ.

ಕಾಳುಮೆಣಸು ಕೊಯ್ಯುವ ಏಣಿ ಅಂದರೆ ಒಂದೇ ಒಂದು ಬಿದಿರು. ಗೆಣ್ಣಿನ ಹತ್ತಿರ ಎಡಕ್ಕೊಂದು ಬಲಕ್ಕೊಂದು ಬಿಟ್ಟ ಮೋಟು ಕೊಂಬೆಗಳೇ ಮೆಟ್ಟಿಲು. ಅದರ ಮೇಲೆ ಪಾದದ ಅಂಚು ಊರಿ, ಮೆಣಸಿನ ಬಳ್ಳಿ ಹಬ್ಬಿದ ಮೂವತ್ತು ಅಡಿ ಸಿಲ್ವರ್ ಮರ ಹತ್ತಬೇಕು. ಸೊಂಟಕ್ಕೆ ಚೀಲ. ಕುತ್ತಿಗೆಗೆ ಚಗಳಿ ಇರುವೆ. ಇದು ಗಂಡಸರ ಕೆಲಸ. ಹೆಂಗಸರು ಕೆಳಗೆ ಉದುರಿದ್ದನ್ನು ಆರಿಸಬೇಕು, ಗೊಂಚಲು ತುಳಿದು ಕಾಳು ಬಿಡಿಸಬೇಕು. ಎರಡಕ್ಕೂ ಕೂಲಿ ಬೇರೆ ಬೇರೆ. ದಾಕ್ಷಾಯಿಣಿ ಸೀರೆಗೆ ಕಚ್ಚೆ ಹಾಕಿ, ಮೇಲೊಂದು ಗಂಡಸರ ಅಂಗಿ ತೊಟ್ಟು, ಉಳಿದವರು ಬೇಡ ಅಂದ ಮರಗಳನ್ನೇ ಹತ್ತುತ್ತಾಳೆ. ಶನಿವಾರ ಬಟವಾಡೆಯ ಹೊತ್ತಿಗೆ ಸಾವ್ಕಾರರು ನಗುತ್ತಾರೆ.

"ಸೀರೆ ಉಟ್ಟೋರಿಗೆ ಸೀರೆ ಕೂಲಿ. ನೀನೇ ಕೇಳಿ ಪಡ್ಕಂಡಿದ್ದಲ್ವೇನೆ?"

ಆ ತೋಟದಲ್ಲಿ ಫೋನಿಗೆ ಟವರ್ ಸಿಗುವುದೂ ಮರದ ಮೇಲೆಯೇ. ಫೆಬ್ರವರಿ ಕೊನೆಯ ಒಂದು ಬೆಳಿಗ್ಗೆ ಅವಳು ಅರ್ಧ ಮರದಲ್ಲಿದ್ದಾಗ ಜೇಬಿನ ಫೋನು ಹೊಡೆದುಕೊಂಡಿತು. ಒಂದು ಕೈಯಲ್ಲಿ ಬಳ್ಳಿ ಹಿಡಿದು, ಇನ್ನೊಂದರಲ್ಲಿ ಫೋನು ಕಿವಿಗಿಟ್ಟಳು.

"ದಾಕ್ಷಾಯಿಣಿಯವರೇ, ನಾನು ಪವಿತ್ರಾ, ಸಿನಿಮಾದವಳು. ನಮ್ಗೆ ಅವಾರ್ಡ್ ಬಂತು! ಹೊರದೇಶದ ಫೆಸ್ಟಿವಲ್‌ನಲ್ಲಿ, ನಿಮ್ಮಂಥವರ ಮೇಲೆ ಮಾಡಿದ ಸಿನಿಮಾಗಳಲ್ಲೆಲ್ಲ ನಮ್ದೇ ಫಸ್ಟ್! ಮುಂದಿನ ತಿಂಗಳು ಕೊಪ್ಪದಲ್ಲೇ ತೋರಿಸ್ತೀವಿ. ಸ್ಟೇಜ್ ಮೇಲೆ ನಿಮಗೆ ಸನ್ಮಾನ."

"ನಮ್ಮಂಥವ್ರು ಅಂದ್ರೆ?" ಎಂದಳು ದಾಕ್ಷಾಯಿಣಿ.

ಪವಿತ್ರಾ ಕೆಟ್ಟ ಹುಡುಗಿಯಲ್ಲ. ತಡವರಿಸಿದಳು. "ಅದೇ... ಗಂಡನ್ನ ಪ್ರೀತಿಸೋ ಗಂಡು, ಹೆಣ್ಣನ್ನ ಪ್ರೀತಿಸೋ ಹೆಣ್ಣು, ಟ್ರಾನ್ಸ್‌ಜೆಂಡರ್... ಎಲ್ಲಾರೂ."

"ಸರಿ ಮಾರಾಯ್ತಿ. ಕೆಳಗಿಳಿದು ಮಾತಾಡ್ತೀನಿ," ಎಂದು ಫೋನು ಇಟ್ಟಳು. ಕೆಳಗಿಳಿದರೆ ಟವರ್ ಇಲ್ಲ ಎಂದು ಹೇಳಲಿಲ್ಲ.

ಅವಳಿಗೆ ಖುಷಿಯೇ ಆಯಿತು. ಅದನ್ನು ಮುಚ್ಚಿಡುವುದು ಯಾಕೆ? ತನ್ನ ಕಥೆಯನ್ನು ಕಾಣದ ದೇಶದ ಜನ ನೋಡಿ ಮೆಚ್ಚಿದರಂತೆ ಎಂದರೆ ಯಾರಿಗಾದರೂ ಎದೆ ಉಬ್ಬುತ್ತದೆ. ಮರದ ಬುಡದಲ್ಲಿ ಕಾಳು ಆರಿಸುತ್ತಿದ್ದ ಜಲಜಮ್ಮನಿಗೆ ಕೂಗಿ ಹೇಳಿದಳು. ಜಲಜಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೇಲೆ ನೋಡಿದಳು. ಏನೂ ಅನ್ನಲಿಲ್ಲ.

ಜಲಜಮ್ಮ ಏನೂ ಅನ್ನದಿರುವುದಕ್ಕೆ ಕಾರಣವಿತ್ತು.

ಎಂಟು ವರ್ಷದ ಹಿಂದೆ ದಾಕ್ಷಾಯಿಣಿಯ ಹೆಸರು ಷಡಕ್ಷರಿ. ಇಪ್ಪತ್ತೆರಡು ವರ್ಷ. ತೋಟದ ಗಂಡಾಳುಗಳಲ್ಲೇ ಚುರುಕು. ಕೂದಲು ಬೆಳೆಸಿ ಟವೆಲ್ಲಿನೊಳಗೆ ಗಂಟು ಹಾಕಿಕೊಂಡು ಎರಡು ವರ್ಷ ಕಳೆದಿದ್ದಳು. ಒಂದು ಬೆಳಿಗ್ಗೆ ಸಾಕೆನಿಸಿತು. ಅವ್ವನ ಹಳೇ ಸೀರೆ ಉಟ್ಟು, ಜಡೆ ಹಾಕಿಕೊಂಡು ಕೆಲಸಕ್ಕೆ ಬಂದಳು. ಸಾವ್ಕಾರರು ಮೆಣಸು ಹರಡಿದ ಕಣದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನೋಡಿದರು. ಕಾಫಿ ಗಿಡ ಸವರುವ ಕತ್ತರಿ ತರಿಸಿದರು.

"ನಮ್ಮ ಜಾತೀಲಿ ಹುಟ್ಟಿ ನಮ್ಮ ಮಾನ ತೆಗೀತೀಯೇನೋ?"

ಇಬ್ಬರು ಗಂಡಾಳುಗಳು ಕೈ ಹಿಡಿದರು. ಕಾಲು ಹಿಡಿಯಲು ಸಾವ್ಕಾರರು ಹೆಂಗಸರನ್ನು ಕರೆದರು. "ಹೆಣ್ಣಂತಲ್ಲ, ಹೆಂಗಸ್ರೇ ಹಿಡೀಲಿ," ಎಂದರು. ನಕ್ಕರು. ಹಿಡಿದವಳು ಜಲಜಮ್ಮ. ಎರಡೂ ಕಾಲುಗಳನ್ನು ಎದೆಗವುಚಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಸಾವ್ಕಾರರು ತಾವೇ ಜಡೆ ಕತ್ತರಿಸಿದರು. ಕತ್ತರಿ ಮೊಂಡಾಗಿತ್ತು. ಕೂದಲು ಕತ್ತರಿಸಿದ್ದಕ್ಕಿಂತ ಕಿತ್ತಿದ್ದೇ ಹೆಚ್ಚು. ಆಮೇಲೆ ಅವಳ ಕೊರಳಿನ ಶಿವದಾರಕ್ಕೆ ಕೈ ಹಾಕಿದರು. ಹುಟ್ಟಿದ ವಾರಕ್ಕೆ ಕಟ್ಟಿದ್ದ ದಾರ. ಅದರಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ದೇವರು. ಕಿತ್ತು ಬೀಸಿ ಎಸೆದರು.

ಅವ್ವ ವೀರಬಸಮ್ಮ ಆಗ ಕಟ್ಟಿಗೆಗೆ ಹೋಗಿದ್ದಳು. ಬಂದು ನೋಡಿದಾಗ ಮಗಳು ಕಣದ ಮೂಲೆಯಲ್ಲಿ ಬೋಳು ಬೋಳಾದ ತಲೆ ಹಿಡಿದು ಕೂತಿದ್ದಳು. ಅವ್ವ ಅಳಲಿಲ್ಲ. ಕರಡಿಗೆ ಎಲ್ಲಿ ಎಂದು ಕೇಳಿದಳು. ಕರಡಿಗೆ ಮೈಮೇಲೆ ಇಲ್ಲದೆ ಅವರ ಮನೆಯಲ್ಲಿ ಹನಿ ನೀರೂ ಕುಡಿಯುವುದಿಲ್ಲ. ಕಳೆದೇ ಹೋದರೆ ಬದುಕಿರಬಾರದು ಎನ್ನುವ ಹಳೇ ಮಾತೂ ಉಂಟು. ಮಾರ್ಚಿನ ಬಿಸಿಲು. ಅವ್ವ ಮಂಡಿಯೂರಿ ಕಣದಲ್ಲಿ ಹರಡಿದ್ದ ಅಷ್ಟೂ ಮೆಣಸನ್ನು ಬೊಗಸೆ ಬೊಗಸೆಯಾಗಿ ತೆಗೆದು ಆಚೆ ಹಾಕುತ್ತಾ ಹುಡುಕಿದಳು. ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ. ಮಗಳು ನೀರು ಕುಡಿಯುವ ಹಾಗಿಲ್ಲ ಅಂತ ತಾನೂ ಕುಡಿಯಲಿಲ್ಲ. ಮಂಡಿಯ ಚರ್ಮ ಕಣಕ್ಕೆ ಅಂಟಿತು. ಸಿಕ್ಕಿತು. ಸೆರಗಿನ ಅಂಚು ಹರಿದು, ಅದನ್ನೇ ದಾರ ಮಾಡಿ ಮಗಳ ಕೊರಳಿಗೆ ಕಟ್ಟಿದಳು. ಆಮೇಲೆ ನೀರು ಕುಡಿಸಿದಳು.

"ಹೆಸ್ರು ಎಂತ ಇಟ್ಕಂಡಿದೀಯ?" ಎಂದು ಕೇಳಿದಳು.

"ದಾಕ್ಷಾಯಿಣಿ."

"ನಮ್ಮತ್ತೆ ಹೆಸ್ರು. ಚೆನ್ನಾಗಿದೆ. ಏಳು ಮಗಾ, ಮನೆಗೆ ಹೋಗನ."

ಅಷ್ಟೇ. ಅವತ್ತಿನಿಂದ ಅವ್ವನ ಬಾಯಲ್ಲಿ ಷಡಕ್ಷರಿ ಎನ್ನುವ ಹೆಸರು ಬಂದಿಲ್ಲ. ಸಾವ್ಕಾರರು ಎರಡು ವಾರ ಕೆಲಸಕ್ಕೆ ಕರೆಯಲಿಲ್ಲ. ಆಮೇಲೆ ಮೆಣಸು ಮರದ ಮೇಲೇ ಹಣ್ಣಾಗಿ ಉದುರತೊಡಗಿತು, ಏಣಿಗೆ ಆಳು ಸಿಗಲಿಲ್ಲ. "ಏನಾದ್ರೂ ಉಟ್ಕ, ಬಂದು ಕೊಯ್ಯಿ," ಎಂದು ಹೇಳಿ ಕಳಿಸಿದರು. ಅವ್ವ, ಮಗಳು ಇದ್ದದ್ದು ಸಾವ್ಕಾರರ ಲೈನ್ ಮನೆಯಲ್ಲಿ. ಬೇರೆ ನೆಲೆ ಇರಲಿಲ್ಲ. ಹೋದಳು. ಬಡವರ ಸಿಟ್ಟು ದವಡೆಗೆ ಮೂಲ ಅಂತ ಊರಲ್ಲಿ ಹೇಳುತ್ತಾರೆ, ದವಡೆ ಯಾರದ್ದು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಜಲಜಮ್ಮ ಮರದ ಬುಡದಲ್ಲಿ, ದಾಕ್ಷಾಯಿಣಿ ಮರದ ಮೇಲೆ. ಎಂಟು ವರ್ಷ ಬುತ್ತಿ ಹಂಚಿಕೊಂಡು ತಿಂದರು. ಆ ದಿನದ ಮಾತು ಇಬ್ಬರೂ ಎತ್ತಲಿಲ್ಲ.

ಹೋದ ವರ್ಷದ ಹಿಂದಿನ ವರ್ಷ ಸಿದ್ದಾರ್ಥ ಬಂದ. ಬೆಂಗಳೂರಿನ ನಿರ್ದೇಶಕ, ಮೆತ್ತಗಿನ ಮಾತು. ಲೈನ್ ಮನೆಯ ಜಗುಲಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅವ್ವ ಕೊಟ್ಟ ಕಾಫಿ ಕುಡಿದು, ಹನ್ನೊಂದು ದಿನ ಕಥೆ ಕೇಳಿದ. ದಾಕ್ಷಾಯಿಣಿ ಎಲ್ಲ ಹೇಳಿದಳು. ಕತ್ತರಿ, ಕಣ, ಕರಡಿಗೆ, ಅವ್ವನ ಮಂಡಿ. ಕಾಲು ಹಿಡಿದವಳ ಹೆಸರೊಂದನ್ನು ಹೇಳಲಿಲ್ಲ. ಅವನು ಕಣ್ಣು ಒರೆಸಿಕೊಂಡ. ಅವಳ ಪಾತ್ರಕ್ಕೆ ಒಬ್ಬ ದೊಡ್ಡ ನಟನನ್ನು ಕರೆತಂದ. ನಟನಿಗೆ ಅವಳು ಸೀರೆ ಉಡುವುದು, ನಡೆಯುವುದು, ಏಣಿ ಹಿಡಿಯುವುದು ಎಲ್ಲ ಕಲಿಸಿದಳು.

"ನಾನೇ ಮಾಡ್ಬಾರ್ದಾ ಸಾರ್?" ಎಂದು ಒಂದು ಸಲ ಕೇಳಿದ್ದಳು.

ಸಿದ್ದಾರ್ಥ ಪ್ರೀತಿಯಿಂದಲೇ ನಕ್ಕಿದ್ದ. "ನೀವು ಮಾಡಿದ್ರೆ ಜನಕ್ಕೆ ನಿಜ ಅನ್ಸಲ್ಲ ದಾಕ್ಷಾಯಿಣಿ."

ಶೂಟಿಂಗಿಗೆ ತೋಟ ಬೇಕಿತ್ತು, ಕಣ ಬೇಕಿತ್ತು, ಐವತ್ತು ಜನರಿಗೆ ಇಳಿದುಕೊಳ್ಳಲು ಮನೆ ಬೇಕಿತ್ತು. ಸೋಮನಾಥ್ ಸಾವ್ಕಾರರು ಎಲ್ಲವನ್ನೂ ಬಿಟ್ಟುಕೊಟ್ಟರು. ಬಿಡಿಗಾಸು ಬೇಡ ಎಂದರು. ಅಷ್ಟು ಉದಾರಿ ಆದದ್ದು ಯಾಕೆ ಎಂದು ದಾಕ್ಷಾಯಿಣಿಗೆ ಆಗ ಹೊಳೆಯಲಿಲ್ಲ. ಕಣದಲ್ಲಿ ಚಿತ್ರೀಕರಣ ನಡೆದ ಎರಡು ದಿನ ಅವಳನ್ನೂ ಅವ್ವನನ್ನೂ ಬಾಳೆಹೊನ್ನೂರಿಗೆ ಯಾವುದೋ ಸಾಮಾನು ತರಲು ಕಳಿಸಿದ್ದರು.

ಪ್ರಶಸ್ತಿ ಬಂದ ವಾರಕ್ಕೇ ಸಿನಿಮಾದ ಎರಡು ನಿಮಿಷದ ತುಣುಕು ಎಲ್ಲರ ಫೋನಿಗೂ ಬಂತು. ಜಯಪುರದ ಬಸ್ ಸ್ಟ್ಯಾಂಡಿನಲ್ಲಿ, ದಿನಸಿ ಅಂಗಡಿಯಲ್ಲಿ, ಸಂಘದ ಹೆಂಗಸರ ಗುಂಪಿನಲ್ಲಿ ಅದೇ. ಅದರಲ್ಲಿ ಒಬ್ಬ ಮುದುಕಿ ಮಗಳ ಎದೆ ಮೇಲೆ ಕೂತು ಜಡೆ ಕತ್ತರಿಸುತ್ತಾಳೆ. "ನೀನು ನನ್ನ ಹೊಟ್ಟೇಲಿ ಹುಟ್ಟಿದ್ದಲ್ಲ" ಎಂದು ಕಿರುಚುತ್ತಾಳೆ. ಕೊರಳಿನ ಕರಡಿಗೆ ಕಿತ್ತು ಬಾವಿಗೆ ಎಸೆಯುತ್ತಾಳೆ. ಆ ಮುದುಕಿ ಉಟ್ಟದ್ದು ವೀರಬಸಮ್ಮನ ಸೀರೆ. ಶೂಟಿಂಗಿಗೆ ಅಂತ ಕೇಳಿ ಇಸಿದುಕೊಂಡು ಹೋಗಿದ್ದರು.

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ ಎಲ್ಲರೂ ಕೇಳಿದ್ದಾರೆ. ಒರೆಸಿದ್ದನ್ನು ಪರದೆ ಮೇಲೆ ತೋರಿಸಿ ಬಹುಮಾನ ತಂದದ್ದು ಇದೇ ಮೊದಲು.

ವೀರಬಸಮ್ಮನಿಗೆ ಒಂದು ಕಸುಬಿತ್ತು. ಬಾಳೆಹೊನ್ನೂರು, ನರಸಿಂಹರಾಜಪುರದ ಕಡೆಯ ಮನೆಗಳಲ್ಲಿ ಕೂಸು ಹುಟ್ಟಿದರೆ ಕೊರಳಿಗೆ ಕಟ್ಟುವ ಶಿವದಾರವನ್ನು ಅವಳೇ ಹೊಸೆದುಕೊಡಬೇಕು. ಸ್ನಾನ ಮಾಡಿ, ವಿಭೂತಿ ಧರಿಸಿ, ತೊಡೆ ಮೇಲೆ ನೂಲಿಟ್ಟು ಹೊಸೆಯುತ್ತಿದ್ದಳು. ಅದಕ್ಕೆ ಅವಳು ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಕೂಲಿ ಮಾಡುವ ಹೆಂಗಸನ್ನು ದೊಡ್ಡ ಮನೆಗಳವರು ಹುಡುಕಿಕೊಂಡು ಬಂದು 'ವೀರಬಸಕ್ಕ' ಎಂದು ಕರೆಯುತ್ತಿದ್ದದ್ದು ಅದೊಂದಕ್ಕೇ. ಮಾರ್ಚಿನ ಮೊದಲ ವಾರ ಒಂದು ಮನೆಯವರು, ಹೊಸೆದಿಟ್ಟಿದ್ದ ದಾರ ಬೇಡವೆಂದು ಹೇಳಿ ಕಳಿಸಿದರು. ಇನ್ನೊಂದು ಮನೆಯವರು ಒಯ್ದದ್ದನ್ನೇ ವಾಪಸು ತಂದು ಜಗುಲಿ ಮೇಲಿಟ್ಟರು.

"ಮಗಳ ಕರಡಿಗೆ ಕಿತ್ತ ಕೈ ಅಂತಾರೆ. ಕೂಸಿಗೆ ಬ್ಯಾಡ."

"ಯಾರು ಕಿತ್ತಿದ್ದು? ನಮ್ಮವ್ವ ಅಲ್ಲ," ಎಂದಳು ದಾಕ್ಷಾಯಿಣಿ.

"ಪ್ರಶಸ್ತಿ ಬಂದಿದೆಯಲ್ಲ ಮಾರಾಯ್ತಿ. ಸುಳ್ಳಿಗೆ ಕೊಡ್ತಾರಾ?"

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು. ಅವ್ವ ಆ ದಾರವನ್ನು ಮಡಿಸಿ ಟ್ರಂಕಿನಲ್ಲಿಟ್ಟಳು. ಅವತ್ತಿನಿಂದ ನೂಲು ಮುಟ್ಟಲಿಲ್ಲ. ಹೊರಗೆ ಹೋಗುವುದನ್ನೂ ಬಿಟ್ಟಳು. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ, ಅಷ್ಟೇ.

ದಾಕ್ಷಾಯಿಣಿ ಮರ ಹತ್ತಿ ಫೋನು ಮಾಡಿದಳು. ಸಿದ್ದಾರ್ಥನೇ ಸಿಕ್ಕಿದ.

"ಸಾರ್, ಅದು ನಮ್ಮವ್ವ ಅಲ್ಲ. ನಾನು ಹಂಗೆ ಹೇಳಿರ್ಲಿಲ್ಲ."

"ದಾಕ್ಷಾಯಿಣಿ, ಅದು ಕಲೆ. ನೋವು ನಿಮ್ದೇ, ಕೈ ಮಾತ್ರ ಬದಲಾಯ್ಸಿದೀನಿ. ಹೆತ್ತ ತಾಯಿನೇ ಮಾಡಿದ್ರೆ ಅದರ ಏಟೇ ಬೇರೆ. ಅಲ್ಲಿ ಜನ ಆ ಸೀನ್ ನೋಡಿ ಎದ್ದು ನಿಂತ್ರು ಗೊತ್ತಾ?"

"ತೆಗೀರಿ ಸಾರ್ ಅದನ್ನ. ಇಲ್ಲಾ ತಿದ್ದಿ."

"ಪ್ರಶಸ್ತಿ ಬಂದ ಸಿನಿಮಾನ ಮುಟ್ಟೋ ಹಾಗಿಲ್ಲಮ್ಮ."

ಆಮೇಲೆ ಅವನೇ ಹೇಳಿದ. "ಸಾವ್ಕಾರ್ರ ತೋಟ ಇಲ್ದೇ ಸಿನಿಮಾನೇ ಇರ್ತಿರ್ಲಿಲ್ಲ. ಅವರನ್ನೇ ಹೆಂಗೆ ತೋರಿಸ್ಲಿ? ನೀವೇ ಹೇಳಿ."

ಅವಳು ಫೋನು ಜೇಬಿಗೆ ಹಾಕಿದಳು. ಚಗಳಿ ರೆಪ್ಪೆ ಕಚ್ಚಿತು. ಕೈ ಎತ್ತಿ ಒರೆಸಿಕೊಳ್ಳಲಿಲ್ಲ.

ಸಾವ್ಕಾರರಿಗೆ ಸುದ್ದಿ ಮುಟ್ಟಲು ಎರಡು ದಿನವೂ ಬೇಕಾಗಲಿಲ್ಲ. ಕಣದ ಹತ್ತಿರ ಕರೆಸಿದರು. ಒಂದು ಹಾಳೆ ಕೊಟ್ಟರು. ಅಚ್ಚು ಮಾಡಿಸಿದ ಹತ್ತು ಸಾಲು. ಈ ಸಿನಿಮಾ ನನ್ನದೇ ಬದುಕು, ನನಗೆ ಆಸರೆ ಕೊಟ್ಟ ಸೋಮನಾಥ್ ಅವರಿಗೆ ಚಿರಋಣಿ, ಇತ್ಯಾದಿ.

"ಸ್ಟೇಜ್ ಮೇಲೆ ಇದನ್ನ ಓದು. ಲೈನ್ ಮನೆಗೆ ಹೊಸ ಶೀಟ್ ಹಾಕಿಸ್ತೀನಿ. ಇನ್ಮೇಲೆ ಗಂಡಾಳಿನ ಕೂಲಿನೇ ತಗ. ಓದ್ದೇ ಹೋದ್ರೆ," ಎಂದು ನಿಲ್ಲಿಸಿ, ಲೈನ್ ಮನೆಯ ಕಡೆ ನೋಡಿದರು. "ಮನೆ ಯಾರ್ದು ಅಂತ ಗೊತ್ತಲ್ಲ? ಮತ್ತೆ, ನಿಮ್ಮವ್ವನ್ನ ಕರ್ಕಂಡು ಬರ್ಬೇಡ. ಸಿನಿಮಾ ನೋಡಿ ಜನ ಉಗುದ್ರೆ ಕಷ್ಟ."

ದಾಕ್ಷಾಯಿಣಿ ಹಾಳೆ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಓದುವುದೆಂದೇ ಇಟ್ಟುಕೊಂಡಳು. ಅವಳನ್ನು ಧೀರೆಯೆಂದು ಹೊಗಳುವವರು ಇದನ್ನೂ ತಿಳಿದುಕೊಳ್ಳಬೇಕು. ಅರವತ್ತು ದಾಟಿದ ಅವ್ವನನ್ನು ಕರೆದುಕೊಂಡು ಬೀದಿಗೆ ಬೀಳುವ ಧೈರ್ಯ ಅವಳಿಗೆ ಇರಲಿಲ್ಲ. ಒಂದು ಮಾತು ಮಾತ್ರ ಮೀರಿದಳು. ಅವ್ವನನ್ನು ಕರೆದುಕೊಂಡು ಹೋದಳು. ಅವ್ವನೇ ಹಟ ಮಾಡಿದ್ದಳು.

"ಅದರಾಗೆ ನಾನು ಹೆಂಗೆ ಕಾಣ್ತೀನಿ ನೋಡ್ಬೇಕು," ಎಂದಿದ್ದಳು.

ಭಾನುವಾರ ಬೆಳಿಗ್ಗೆ ಕೊಪ್ಪದ ಕಲ್ಯಾಣ ಮಂಟಪ. ಬಾಗಿಲಲ್ಲಿ ಪವಿತ್ರಾ ಗುಲಾಬಿ ಕೊಟ್ಟಳು. ಕುರ್ಚಿ ತುಂಬಿಸಲೆಂದು ಸಾವ್ಕಾರರು ತೋಟದ ಆಳುಗಳನ್ನೆಲ್ಲ ಜೀಪಿನಲ್ಲಿ ಕಳಿಸಿದ್ದರು. ಜಲಜಮ್ಮನೂ ಇದ್ದಳು, ಮದುವೆ ಮನೆಗೆ ಬಂದವಳ ಹಾಗೆ ರೇಷ್ಮೆ ಉಟ್ಟು. ಅವ್ವ ಕೊನೇ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು ಕೂತಳು. ದಾಕ್ಷಾಯಿಣಿಯನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಅವಳ ಎರಡೂ ಪಕ್ಕದ ಕುರ್ಚಿಗಳು ಕೊನೆಯವರೆಗೂ ಖಾಲಿ ಉಳಿದವು.

ಮೊದಲು ಅದೇ ಉತ್ಸವದಲ್ಲಿ ಬಹುಮಾನ ಪಡೆದ ಬೇರೊಂದು ದೇಶದ ಚಿಕ್ಕ ಚಿತ್ರ ಹಾಕಿದರು. ಹಿಮ ಬೀಳುವ ಊರು. ಇಬ್ಬರು ಮುದುಕಿಯರು ಮೀನಿಗೆ ಉಪ್ಪು ಸವರಿ ಒಣಹಾಕುತ್ತಾರೆ. ನಲವತ್ತು ವರ್ಷ ಗಂಡ ಹೆಂಡಿರಂತೆ ಬಾಳಿದವರು. ಸತ್ತರೆ ಅಕ್ಕಪಕ್ಕ ಹೂಳುವುದಿಲ್ಲ ಎಂದು ಊರು ಹೇಳುತ್ತದೆ. ಇಬ್ಬರೂ ಗುದ್ದಲಿ ತೆಗೆದುಕೊಂಡು ತಮ್ಮ ಅಂಗಳದಲ್ಲೇ ಒಂದು ಅಗಲವಾದ ಗುಂಡಿ ತೋಡುತ್ತಾರೆ. ದಾಕ್ಷಾಯಿಣಿಗೆ ಅವರ ಭಾಷೆಯ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಮುದುಕಿಯ ಬೆರಳಿನ ಸಂದಿಯಲ್ಲಿ ಉಪ್ಪು ಕೊರೆದ ಗಾಯ ಕಂಡಿತು. ಕೆಲಸ ಮಾಡುವ ಕೈಗೆ ಕೆಲಸ ಮಾಡಿದ ಕೈ ಗೊತ್ತಾಗುತ್ತದೆ. ಯಾರೋ ಅವರ ಹತ್ತಿರ ಕೂತು ಕೇಳಿದ್ದಾರೆ, ಕೇಳಿದ್ದನ್ನೇ ತೋರಿಸಿದ್ದಾರೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಹೀಗೂ ಸಿನಿಮಾ ಮಾಡಬಹುದು ಎಂದು ಅವಳಿಗೆ ಅವತ್ತು ಗೊತ್ತಾಯಿತು.

ಆಮೇಲೆ ಅವಳದ್ದು. ದೊಡ್ಡ ನಟ ಸೀರೆಗೆ ಕಚ್ಚೆ ಹಾಕದೆ, ಸೆರಗು ಗಾಳಿಗೆ ಹಾರಿಸುತ್ತಾ ಏಣಿ ಹತ್ತಿದ. ಆಳುಗಳು ಕಿಸಕ್ಕೆಂದರು. ಹಾಗೆ ಹತ್ತಿದವರು ಎರಡನೇ ಮೆಟ್ಟಿಲಿಗೇ ಕೆಳಗೆ ಬಿದ್ದಿರುತ್ತಾರೆ. ಸಿನಿಮಾದ ಸಾವ್ಕಾರರು ದೇವರಂಥವರು. ಹಸಿದು ಬಂದ ನಾಯಕಿಗೆ ಅನ್ನ ಹಾಕಿದರು. ಆಮೇಲೆ ಆ ದೃಶ್ಯ ಬಂತು. ಎದೆ ಮೇಲೆ ಕೂತ ತಾಯಿ. ಕತ್ತರಿ. ಬಾವಿ. ಸಭೆ ಉಸಿರು ಹಿಡಿಯಿತು. ಹಿಂದೆ ಯಾರೋ ಹೆಂಗಸು "ಥೂ, ಇವಳೂ ಒಬ್ಳು ತಾಯಿನಾ!" ಎಂದಳು. ಕುರ್ಚಿಗಳು ಸರಿದ ಸದ್ದಾಯಿತು. ದಾಕ್ಷಾಯಿಣಿ ತಿರುಗಿ ನೋಡಿದಳು. ಅವ್ವನ ಸಾಲಿನಲ್ಲಿದ್ದವರೆಲ್ಲ ಎದ್ದು ಮುಂದೆ ಹೋಗಿ ಕೂತಿದ್ದರು. ಅವ್ವ ಒಬ್ಬಳೇ. ಪರದೆಯ ಬೆಳಕು ಅವಳ ಮುಖದ ಮೇಲೆ ಬೀಳುತ್ತಿತ್ತು. ಬಾಯಿ ಅರ್ಧ ತೆರೆದಿತ್ತು. ಪರದೆಯ ಕಡೆ ಬೆರಳು ತೋರಿಸಿ, ಪಕ್ಕದಲ್ಲಿ ಇಲ್ಲದವರನ್ನು ಕೇಳುತ್ತಿದ್ದಳು.

"ಇದು ನಾನಾ?"

ದೀಪ ಹತ್ತಿತು. ಚಪ್ಪಾಳೆ. ವೇದಿಕೆ ಮೇಲೆ ಸಿದ್ದಾರ್ಥ, ಸೋಮನಾಥ್, ಇನ್ನೂ ಮೂವರು ಗಣ್ಯರು. ದಾಕ್ಷಾಯಿಣಿಯನ್ನು ಕರೆದರು. ಸಾವ್ಕಾರರು ಶಾಲು ಬಿಡಿಸಿಕೊಂಡು ಮುಂದೆ ಬಂದರು. ಎಂಟು ವರ್ಷದ ನಂತರ ಆ ಕೈ ಮತ್ತೆ ಅವಳ ಕೊರಳಿನ ಕಡೆ ಬಂತು. ಅವಳು ಮಣಿಕಟ್ಟು ಹಿಡಿದಳು. ಬಳ್ಳಿ ಹಿಡಿದು ಹಿಡಿದು ಜಡ್ಡುಗಟ್ಟಿದ ಕೈ ಅವಳದ್ದು. ಸಾವ್ಕಾರರ ಕೈ ಅಲ್ಲೇ ನಿಂತಿತು.

"ಮುಟ್ಬೇಡಿ."

ಮೈಕು ಹತ್ತಿರವೇ ಇತ್ತು. ಎಲ್ಲರಿಗೂ ಕೇಳಿಸಿತು.

"ಸಿನಿಮಾದಾಗೆ ತೋರ್ಸಿದ್ದು ನಮ್ಮವ್ವನ್ನ. ನನ್ನ ಜಡೆ ಕತ್ತರ್ಸಿದ್ದು ನಮ್ಮವ್ವ ಅಲ್ಲ. ಈ ಕೈ. ಕರಡಿಗೆ ಕಿತ್ತಿದ್ದೂ ಇದೇ ಕೈ. ನಮ್ಮವ್ವ ಅದನ್ನ ಹುಡುಕ್ದೋಳು. ಹೊತ್ತು ಮುಳುಗೋ ತಂಕ ಮಂಡಿ ಮೇಲೆ ಹುಡುಕ್ತು. ಈ ಸಾರ್‌ಗೆ ಎಲ್ಲ ಹೇಳಿದೀನಿ. ಹನ್ನೊಂದು ದಿನ ಕೂತು ಕೇಳಿ, ಸುಳ್ಳು ಮಾಡಿದಾರೆ."

ಯಾರೋ ಮೈಕು ಬಂದ್ ಮಾಡಿದರು. ಮರದ ತುದಿಯಿಂದ ಕೂಗಿ ಅಭ್ಯಾಸವಿದ್ದವಳಿಗೆ ಮೈಕು ಯಾಕೆ?

"ಶಾಲು ಬ್ಯಾಡ! ನಮ್ಮವ್ವನ ಮೇಲೆ ಹಾಕಿದ ಅಪವಾದ ತೆಗೀರಿ!"

ಸಭೆಯಲ್ಲಿ ಗುಜುಗುಜು. ಸೋಮನಾಥ್ ಕೈ ಬಿಡಿಸಿಕೊಂಡರು. ಮುಖ ಕೆಂಪಾಗಿತ್ತು, ಆದರೆ ನಗು ಬಿಟ್ಟಿರಲಿಲ್ಲ. ನಲವತ್ತು ವರ್ಷದಿಂದ 'ಹೂಂ ಸಾವ್ಕಾರ್ರೆ' ಬಿಟ್ಟು ಬೇರೆ ಮಾತು ಆಡದ ಹೆಂಗಸೊಬ್ಬಳು ಹಿಂದೆ ಕೂತಿದ್ದನ್ನು ಅವರು ಕಂಡಿದ್ದರು.

"ಪಾಪ, ತಲೆ ಕೆಟ್ಟಿದೆ. ಬೇರೆ ಸಾಕ್ಷಿ ಎಂತಕ್ಕೆ? ಅದರ ತಾಯಿನೇ ಇದೆಯಲ್ಲ. ಏ ವೀರಬಸಮ್ಮ, ಏಳು. ಕತ್ತರ್ಸಿದ್ದು ಯಾರು? ನಾಳೆ ನೀವಿಬ್ರೂ ಎಲ್ಲಿರ್ಬೇಕು ಅಂತ ಯೋಚ್ನೆ ಮಾಡಿ ಹೇಳು."

ಎಲ್ಲ ತಲೆಗಳೂ ಹಿಂದೆ ತಿರುಗಿದವು. ವೀರಬಸಮ್ಮ ಎದ್ದು ನಿಂತಳು. ಗೋಡೆ ಹಿಡಿದುಕೊಂಡಿದ್ದಳು. ಮಗಳನ್ನು ನೋಡಿದಳು. ಸಾವ್ಕಾರರನ್ನು ನೋಡಿದಳು. ಲೈನ್ ಮನೆ, ಮಗಳ ಕೆಲಸ, ಹೊರಗೆ ಮಗಳಂಥವಳಿಗೆ ಬಾಡಿಗೆಗೆ ಒಂದು ಕೋಣೆ ಕೊಡುವವರು ಯಾರು, ಇವೆಲ್ಲ ಅವಳ ಮುಖದ ಮೇಲೆ ಒಂದೊಂದಾಗಿ ಹಾದುಹೋದವು.

"ನಾನೇ," ಎಂದಳು. "ನಾನೇ ಕತ್ತರ್ಸಿದ್ದು."

"ಅವ್ವಾ!"

"ಸುಮ್ನಿರು ಮಗಾ. ನಾನೇ ಕಿತ್ತಿದ್ದು."

ಸಾವ್ಕಾರರು ಸಭೆಯ ಕಡೆ ಕೈ ಚಾಚಿ 'ನೋಡಿದಿರಾ' ಎನ್ನುವ ಹಾಗೆ ನಿಂತರು. ಕೆಲವರು ಚಪ್ಪಾಳೆ ತಟ್ಟಿದರು, ಯಾವುದಕ್ಕೆ ಎಂದು ಅವರಿಗೇ ಗೊತ್ತಿರಲಿಕ್ಕಿಲ್ಲ. ದಾಕ್ಷಾಯಿಣಿ ವೇದಿಕೆ ಮೇಲೆ ಕಲ್ಲಾದಳು. ಸುಳ್ಳು ಹೇಳಿದ ಅವ್ವನ ಮೇಲೆ ಸಿಟ್ಟು ಬರಲಿಲ್ಲ. ಹೇಳಿಸಿದ ಲೋಕದ ಮೇಲೆ ಬಂತು. ಆಳುಗಳ ಸಾಲನ್ನು ನೋಡಿದಳು. ಅವತ್ತು ಕಣದಲ್ಲಿದ್ದವರು ಹತ್ತು ಜನವಾದರೂ ಅಲ್ಲಿದ್ದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು.

ರೇಷ್ಮೆ ಸೀರೆಯೊಂದು ಎದ್ದಿತು.

"ಸುಳ್ಳು," ಎಂದಳು ಜಲಜಮ್ಮ. ಸಭೆಯ ಕಡೆ ತಿರುಗಿದಳು. "ವೀರಬಸಕ್ಕ ಸುಳ್ಳು ಹೇಳ್ತಾ ಇದೆ. ಅವತ್ತು ಅದು ಕಣದಾಗೆ ಇರ್ಲೇ ಇಲ್ಲ. ಕಟ್ಟಿಗೆಗೆ ಹೋಗಿತ್ತು."

"ಜಲಜಾ, ಕೂತ್ಕ!" ಎಂದರು ಸಾವ್ಕಾರರು.

"ಕೂರಲ್ಲ. ಕತ್ತರಿ ಹಿಡ್ದಿದ್ದು ನೀವು. ಕಾಲು ಹಿಡ್ದಿದ್ದು ನಾನು." ಅವಳು ಎರಡೂ ಕೈಗಳನ್ನು ಮುಂದೆ ಚಾಚಿದಳು. "ಈ ಕೂಸು ಒದ್ದಾಡ್ತಾ ಇತ್ತು. ಬಿಟ್ರೆ ನನ್ನ ಕೆಲಸ ಹೋಗುತ್ತೆ ಅಂತ ಗಟ್ಟಿಯಾಗಿ ಹಿಡ್ಕಂಡೆ. ಎಂಟು ವರ್ಷದಿಂದ ಇದ್ರ ಬುತ್ತಿ ತಿಂತಾ ಇದೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ವೀರಬಸಮ್ಮ ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ಸೋಮನಾಥ್ ಶಾಲನ್ನು ಮೇಜಿನ ಮೇಲೆ ಎಸೆದು ಪಕ್ಕದ ಬಾಗಿಲಿನಿಂದ ಹೊರಟುಹೋದರು. ಆಗ ಸಿದ್ದಾರ್ಥ ವೇದಿಕೆಯಿಂದ ಜಿಗಿದು ಜಲಜಮ್ಮನ ಹತ್ತಿರ ಓಡಿದ. ಅವನ ಕಣ್ಣಲ್ಲಿ ನೀರಿತ್ತು. ಕೈಯಲ್ಲಿ ಕ್ಯಾಮೆರಾ ಇತ್ತು.

"ಅಮ್ಮಾ, ಎಂಥಾ ಮಾತು ಹೇಳಿದ್ರಿ! ಇನ್ನೊಂದ್ಸಲ ಹೇಳಿ. ಕೈ ಹಾಗೇ ಇಟ್ಕೊಳ್ಳಿ. ಸ್ವಲ್ಪ ಬೆಳಕಿನ ಕಡೆ ತಿರುಗಿ."

ದಾಕ್ಷಾಯಿಣಿ ಇಳಿದು ಬಂದಳು. ಅಂಗೈಯನ್ನು ಕ್ಯಾಮೆರಾದ ಕಣ್ಣಿಗೆ ಒತ್ತಿ ಹಿಡಿದಳು.

"ಒಂದ್ಸಲ ಹೇಳಿದ್ದು ಸಾಕು. ನಿಮಗೆ ಹೇಳಿದ್ದಲ್ಲ."

"ಇದನ್ನೇ ತೋರಿಸ್ತೀನಿ ದಾಕ್ಷಾಯಿಣಿ. ನಿಜಾನೇ ತೋರಿಸ್ತೀನಿ."

"ತೋರಿಸ್ಬೇಡಿ. ತೋರ್ಸಿದ್ದನ್ನ ತಿದ್ದಿ. ಅಷ್ಟು ಮಾಡಿ ಮೊದ್ಲು."

ಪವಿತ್ರಾ ಬಂದು ಅವನ ಕೈಯಿಂದ ಕ್ಯಾಮೆರಾ ತೆಗೆದುಕೊಂಡಳು. ಅವನು ಬಿಟ್ಟುಕೊಟ್ಟ. ಸಿನಿಮಾ ತಿದ್ದುವುದಾಗಿ ಮಾತ್ರ ಹೇಳಲಿಲ್ಲ.

ಅವ್ವ, ಮಗಳು, ಜಲಜಮ್ಮ ಮೂವರೂ ನಡೆದು ಬಸ್ ಸ್ಟ್ಯಾಂಡಿಗೆ ಬಂದರು. ಜೀಪಿಗೆ ಇವರನ್ನು ಹತ್ತಿಸಿಕೊಳ್ಳಲಿಲ್ಲ. ಮಧ್ಯಾಹ್ನದ ಬಿಸಿಲು. ಅವ್ವ ದಾರಿಯುದ್ದಕ್ಕೂ ಜಲಜಮ್ಮನನ್ನು ಬೈದಳು. ನಿನಗೆ ಎಂತಕ್ಕೆ ಬೇಕಿತ್ತು ಮಾರಾಯ್ತಿ, ನನ್ನ ಹೆಸ್ರು ಹೋದ್ರೆ ಹೋಗ್ಲಿ, ಈಗ ನಿನ್ನ ಮನೆಗೂ ಬೀಗ ಬೀಳುತ್ತೆ ಎಂದಳು. ಬೈಯುತ್ತಲೇ ಅವಳ ತೋಳು ಹಿಡಿದುಕೊಂಡು ನಡೆದಳು. ಜಲಜಮ್ಮ ತಲೆ ಎತ್ತಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹೆಂಗಸರು ಅವ್ವನನ್ನು ಗುರುತಿಸಿ ಪಿಸುಗುಟ್ಟಿದರು. ಹೊಸ ಸುದ್ದಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ.

ಬಸ್ಸು ಬರುವ ಹೊತ್ತಿಗೆ ಜಲಜಮ್ಮ ದಾಕ್ಷಾಯಿಣಿಯ ಕೈ ಹಿಡಿಯಲು ಕೈ ಚಾಚಿದಳು.

"ನನ್ನ ಮೇಲಿನ ಸಿಟ್ಟು ಹೋಯ್ತಾ ಕೂಸು?"

ದಾಕ್ಷಾಯಿಣಿ ಕೈ ಕೊಡಲಿಲ್ಲ.

"ಇಲ್ಲ ಜಲಜಕ್ಕ, ಹೋಗಿಲ್ಲ," ಎಂದಳು. "ನಾಳೆ ಮನೆ ಹುಡುಕ್ಬೇಕು. ನೀನೂ ಬಾ."